ನೊಣ ಇಟ್ಟ ಚುಕ್ಕೆ

ಪಿಂಚಣಿ ಕಚೇರಿಯ ಹಳೆಯ ಕಂಪ್ಯೂಟರಿಗೆ ಕೋಬಾಲ್ ಬಿಟ್ಟು ಬೇರೆ ಭಾಷೆ ತಲೆಗೆ ಹತ್ತುತ್ತಿರಲಿಲ್ಲ. ಅದನ್ನು ಬಲ್ಲವನು ನಿವೃತ್ತನಾದ ಮೇಲೆ, ದೂರು ಕೌಂಟರಿನಲ್ಲಿದ್ದವಳನ್ನು ಮ್ಯಾನೇಜರು ಅದರ ಮುಂದೆ ಕೂರಿಸಿದರು. ಕಚೇರಿಗೆಲ್ಲ ಅವಳು ಅಕ್ಕ. ತೀರಿಕೊಂಡ ಪಿಂಚಣಿದಾರರ ಮನೆಗೆ ಹೋಗುವ ಈ ತಿಂಗಳ ಸಂತಾಪ ಪತ್ರಗಳು ಸರಿಯಾಗಿ ಹೊರಬಿದ್ದರೆ ಕುರ್ಚಿ ನಿನ್ನದು, ಇಲ್ಲವಾದರೆ ಮತ್ತೆ ಕೌಂಟರಿಗೆ ನಡಿ ಎಂದರು. ವರ್ಷಗಟ್ಟಲೆ ಊರವರ ಬೈಗುಳಕ್ಕೆ ಕಿವಿಯೊಡ್ಡಿ ಬಂದವಳಿಗೆ ಆ ಕೋಣೆಯ ಫ್ಯಾನಿನ ಸದ್ದೇ ಸಂಗೀತವಾಗಿತ್ತು.

ಭಾಷೆ ಕಲಿಯಲು ಯಾರಾದರೂ ಬರೆದಿಟ್ಟ ಪ್ರೋಗ್ರಾಮು ಕಣ್ಣೆದುರು ಬೇಕು. ಇಂಟರ್ನೆಟ್ಟನ್ನೆಲ್ಲ ಜಾಲಾಡಿದರೆ ಸಿಕ್ಕ ಮಾದರಿಗಳು ಪರದೆಯ ಮೇಲೆ ನಮಸ್ಕಾರ ಹೇಳಿ ಮಲಗುವಂಥವು. ನಮಸ್ಕಾರಕ್ಕೇ ಇಷ್ಟುದ್ದವಾದರೆ ಜಗಳಕ್ಕೆ ಇನ್ನೆಷ್ಟುದ್ದವೋ ಎಂದು ಗೊಣಗುತ್ತ ಅಕ್ಕ ಸೋದರಮಾವನ ಮನೆಗೆ ಹೋದಳು. ಒಂದು ಕಾಲಕ್ಕೆ ಕೋಬಾಲ್ ಪಾಠ ಹೇಳಿದ ಮಾವನ ಹಾಳೆಗಳೆಲ್ಲ ಈಗ ಅಡುಗೆಮನೆಯ ಗೂಡಿನಲ್ಲಿ, ಸಕ್ಕರೆ ಡಬ್ಬಿಗಳ ಕೆಳಗೆ ಹಾಸಿಕೊಂಡಿದ್ದವು. ಮಾವನ ಹೆಂಡತಿ ಎಳೆದುಕೊಟ್ಟಳು. "ಒಯ್ಯಿ ತಾಯಿ. ಇವರ ವಿದ್ಯೆ ಇಷ್ಟು ದಿನ ಇರುವೆ ಕಾದಿದ್ದು ಸಾಕು."

ಹಾಳೆಯಲ್ಲಿದ್ದದ್ದು ಪರೀಕ್ಷೆಯ ಪ್ರೋಗ್ರಾಮು. ವಿದ್ಯಾರ್ಥಿ ಪಾಸಾಗಿದ್ದರೆ ಹೆಸರಿನ ಮುಂದೆ ಗುರುತು ಹಾಕು, ಅಭಿನಂದನೆಯ ಪತ್ರ ಮುದ್ರಿಸು, ಪೂರ್ಣವಿರಾಮ. ಅಕ್ಕ ಪಾಸಾದವರ ಜಾಗದಲ್ಲಿ ಸತ್ತವರನ್ನಿಟ್ಟು, ಅಭಿನಂದನೆ ತೆಗೆದು ಸಂತಾಪ ಹಾಕಿ, ಮಿಕ್ಕದ್ದನ್ನು ಒಂದು ಚುಕ್ಕೆಯೂ ಬಿಡದೆ ನಕಲು ಮಾಡಿದಳು. ಯಂತ್ರ ಒಪ್ಪಿತು. ಪತ್ರಗಳು ಮೂಟೆಗಟ್ಟಲೆ ಬಂದವು. ಇಷ್ಟೊಂದು ಜನ ಹೋದರೇ ಎಂದು ಒಂದು ಕ್ಷಣ ಅನ್ನಿಸಿದರೂ, ಎಲ್ಲ ಹೋಗುವ ವಯಸ್ಸಿನವರೇ ತಾನೇ ಎಂದುಕೊಂಡು ಅಂಚೆಗೆ ಹಾಕಿಸಿಬಿಟ್ಟಳು.

ವಾರ ತುಂಬುವಷ್ಟರಲ್ಲಿ ಸತ್ತವರೆಲ್ಲ ಕೋಲೂರಿಕೊಂಡು ಕಚೇರಿಗೆ ಬಂದರು. ನಿವೃತ್ತ ಕಂಡಕ್ಟರೊಬ್ಬ ಕಾಗದ ಮುಂದೆ ಹಿಡಿದು, "ನಾನು ಹೋಗಿ ಎಷ್ಟು ದಿನ ಆಯ್ತಮ್ಮ? ಮನೇಲಿ ಯಾರೂ ಹೇಳಲೇ ಇಲ್ಲ," ಎಂದ. ಮ್ಯಾನೇಜರ ಅತ್ತೆಯೂ ಪಿಂಚಣಿದಾರಳೇ. ಅಳಿಯನ ಸಹಿಯಿದ್ದ ಸಂತಾಪ ಆಕೆಯ ಕೈಗೇ ಸೇರಿ, ಮ್ಯಾನೇಜರು ಮನೆಯಲ್ಲಿ ತಲೆಯೆತ್ತುವಂತಿರಲಿಲ್ಲ.

ಅಕ್ಕ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. 'ಗುರುತು ಹಾಕು' ಎಂಬಲ್ಲಿಯೂ ಒಂದು ಪೂರ್ಣವಿರಾಮ. ಕೋಬಾಲಿನಲ್ಲಿ ಚುಕ್ಕೆ ಬಿದ್ದಲ್ಲಿಗೆ 'ಆಗಿದ್ದರೆ' ಎಂಬ ಷರತ್ತು ಮುಗಿಯಿತು. ಮುಂದಿನ ಮಾತು ಬದುಕಿದವರಿಗೂ ಅನ್ವಯ. ಉಗುರಿನಿಂದ ಕೆರೆದಳು. ಚುಕ್ಕೆ ಎದ್ದು ಬಂತು.

ಏನಂತೆ ಎಂದು ಮ್ಯಾನೇಜರು ಕೇಳಿದರು.

"ನೊಣ ಹೇತಿದೆ ಸಾರ್. ನಾನು ಅದನ್ನೂ ಟೈಪ್ ಮಾಡಿದೀನಿ."

ಮ್ಯಾನೇಜರು ಹಾಳೆಯನ್ನು ಮಡಚಿ ಅಕ್ಕನ ಕೈಗಿಟ್ಟರು. ಇದನ್ನು ನಾನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ, ನೀನೇ ಬಂದು ನಮ್ಮತ್ತೆಗೆ ಹೇಳು, ಕುರ್ಚಿಯ ಮಾತು ಆಮೇಲೆ ಎಂದರು.

ಅತ್ತೆ ಹಾಳೆಯನ್ನೂ ಅಕ್ಕನ ಉಗುರನ್ನೂ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅಳಿಯನ ಕಡೆ ತಿರುಗಿದಳು.

"ಇವಳನ್ನ ಅಲ್ಲೇ ಕೂರಿಸಪ್ಪ. ನಾನು ನಿಜವಾಗಿ ಹೋದ ದಿನ ಕಾಗದ ಬರೆಯೋ ಪೈಕಿ ಅಲ್ಲ ನೀನು. ಇವಳಾದ್ರೆ ಮುಂಚೇನೇ ಕಳಿಸ್ತಾಳೆ."