ಉಂಡ ಮನೆಯ ಜಂತೆ

ಮೊನ್ನೆ ಕೋಲ್ಕತ್ತದ ನ್ಯೂ ಟೌನಿನ ಕಾಫಿ ಅಂಗಡಿಯೊಂದರಲ್ಲಿ ಹಳೆಯ ತೇಗದ ಕಿಟಕಿಯನ್ನು ಗೋಡೆಗೆ ಅಲಂಕಾರಕ್ಕೆ ತೂಗುಹಾಕಿದ್ದರು. ಹಸಿರು ಬಣ್ಣ ಎದ್ದ ಕಡೆ ನೀಲಿ, ನೀಲಿ ಎದ್ದ ಕಡೆ ಬಿಳಿ... ಕಾಫಿ ಅಲ್ಲೇ ಬಿಟ್ಟು ಎದ್ದುಬಂದೆ.

ಧಾರವಾಡದಿಂದ ಸಂಶೋಧನೆಗೆಂದು ಕೋಲ್ಕತ್ತಕ್ಕೆ ಬಂದ ಹೊಸತರಲ್ಲಿ ಅಂಥದೇ ಕಿಟಕಿಗಳ ಮನೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಯನ್ನು ಎಲ್ಲರಂತೆ ಮಾಶಿಮಾ ಎನ್ನುತ್ತಿದ್ದೆ, ನಮ್ಮ ಕಡೆ ಮೌಶಿ ಅನ್ನುವ ಹಾಗೆ. ಅವರು ಹುಟ್ಟಿದ್ದು ಬರ್ಮಾದ ರಂಗೂನಿನಲ್ಲಿ. ನನ್ನ ವಿಷಯವೂ ರಂಗೂನಿನ ಕಟ್ಟಡಗಳೇ.

ನಾನು ಪುಸ್ತಕ ಬಿಡಿಸಿದರೆ ನಗುತ್ತಿದ್ದರು. ಅವರು ಹೇಳುತ್ತಿದ್ದದ್ದು ಅಲ್ಲಿನ ಒಂದೇ ಕಟ್ಟಡದ ಕಥೆ. ಬ್ರಿಟಿಷರ ಕಾಲಕ್ಕೆ ಅದು ತೇಗದ ವ್ಯಾಪಾರಿಗಳ ಕಚೇರಿ. ಯುದ್ಧದಲ್ಲಿ ಜಪಾನಿಯರು ಅದರ ಕಮಾನುಗಳಿಗೆ ಇಟ್ಟಿಗೆ ತುಂಬಿದರು. ಸ್ವಾತಂತ್ರ್ಯ ಬಂದ ಮೇಲೆ ಇಟ್ಟಿಗೆ ಕಿತ್ತು ಹುಡುಗಿಯರ ಶಾಲೆ ಮಾಡಿದರು. ಇವರು ಓದಿದ್ದು ಅಲ್ಲೇ. ಸೈನ್ಯ ಆಡಳಿತ ಹಿಡಿಯಿತು, ಕಮಾನು ಮತ್ತೆ ಮುಚ್ಚಿತು, ಭಾರತೀಯರಾದ ಇವರ ಸಂಸಾರ ಬರಿಗೈಯಲ್ಲಿ ಹಡಗು ಹತ್ತಿತು.

“ದೇಶ ಏನಾಯ್ತು ಅಂತ ತಿಳೀಬೇಕಾ ಮಾ? ಯಾವ ಕಮಾನು ಯಾವಾಗ ಮುಚ್ಚಿದ್ರು ನೋಡು,” ಎನ್ನುತ್ತಿದ್ದರು, ಮಗಳನ್ನು ಕರೆಯುವಂತೆ ನನ್ನನ್ನು ಮಾ ಎಂದು ಕರೆದು.

ಅದೇ ಮಾತು ಹಿಡಿದು ರಂಗೂನಿಗೆ ಹೋಗಿಬಂದೆ. ಪ್ರಬಂಧ ಬರೆದೆ, ಹೊಗಳಿಸಿಕೊಂಡೆ.

ಅದೇ ಹೊತ್ತಿಗೆ, ಮನೆಯಲ್ಲಿ ಪಾಲಿದ್ದ ಮಾಶಿಮಾ ಅವರ ಅಣ್ಣನ ಮಗ ಅದನ್ನು ಕೆಡವಿ ಫ್ಲ್ಯಾಟ್ ಕಟ್ಟಿಸಲು ಹೊರಟ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಮನೆ ಉಳಿಯುತ್ತಿತ್ತು. ಪಟ್ಟಿ ಮಾಡುವ ಸಮಿತಿ ತಿಳಿದವರ ವರದಿ ಕೇಳಿತು. “ನಮ್ಮ ಹುಡುಗೀನೇ ಬರೀತಾಳೆ,” ಎಂದರು ಮಾಶಿಮಾ.

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ ನಮ್ಮಲ್ಲಿ. ನಾನು ಅವರ ಕೈಯ ಪೂರಿಯಂಥ ಲೂಚಿ ತಿಂದು, ಏಣಿ ಹಾಕಿ, ನಿಜವಾಗಿಯೂ ಎಣಿಸಿದೆ. ಅರ್ಧದಷ್ಟು ಆಮೇಲೆ ಹಾಕಿಸಿದ ಕಬ್ಬಿಣದವು. ಜಗಲಿಯನ್ನು ಮುಚ್ಚಿ ಕೋಣೆ ಮಾಡಿದ್ದರು. ‘ಮೂಲರೂಪ ಉಳಿದಿದೆಯೇ?’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದೆ. ಪುಸ್ತಕದ ಬದನೆಕಾಯಿ ನನ್ನದು! ಆ ಜಗಲಿ ಮುಚ್ಚಿದ್ದು ರಂಗೂನಿನಿಂದ ಬಂದಿಳಿದ ಅವರ ಸಂಸಾರಕ್ಕೆ ಮಲಗಲು ಜಾಗ ಬೇಕೆಂದು. ಅವರೇ ಎಷ್ಟೋ ಸಲ ಹೇಳಿದ್ದರು. ಸಮುದ್ರದಾಚೆ ಓದಿದ್ದನ್ನು ಕೂತ ಜಾಗದಲ್ಲಿ ಓದಲಾರದೆ ಹೋದೆ.

ಅರ್ಜಿ ಬಿದ್ದುಹೋಯಿತು. ಮಳೆಗಾಲಕ್ಕೆ ಮುಂಚೆ ಮನೆ ನೆಲಸಮವಾಯಿತು. ಊರಂಚಿನ ಡಮ್ ಡಮ್‌ನ ಬಾಡಿಗೆ ಕೋಣೆಯಲ್ಲಿ ಅವರನ್ನು ನೋಡಲು ಹೋದೆ.

“ಸಮಿತಿಯವರ ಕಿವಿ ಯಾರೋ ಊದಿದ್ದಾರೆ. ಇಲ್ಲದಿದ್ರೆ ನೀನು ಬರೆದ ಮೇಲೂ ಬೇಡ ಅಂತಾರಾ?”

“ಹೌದು ಮಾಶಿಮಾ,” ಎಂದೆ.

ಅವರು ತೀರಿಕೊಂಡು ಏಳು ವರ್ಷ. ಹೋದ ವಾರ ಅದೇ ಸಮಿತಿಗೆ ಸದಸ್ಯೆಯಾಗಲು ನನಗೆ ಪತ್ರ ಬಂದಿದೆ, ನಿಷ್ಪಕ್ಷಪಾತ ವರದಿಗೆ ಹೆಸರಾದವರು ಎಂದು ಹೊಗಳಿ. ನಿಜ ಹೇಳಿ ಬೈಸಿಕೊಳ್ಳೋಣವೆಂದರೆ ಮಾಶಿಮಾ ಇಲ್ಲ... ಒಪ್ಪಿಗೆ ಬರೆದು ಕಳಿಸಿದೆ.