ಡಾಕ್ಟರಮ್ಮ ಕೇಳಿದ ಮೂಳೆ

ನಿನ್ನೆ ಮೊಮ್ಮಗಳು ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಅವರು ನನ್ನ ಬಾಯೊಳಗೆ ಇಣುಕಿ, "ಅಜ್ಜಿ, ಪಾವಗಡದ ಕಡೆಯವರಾ?" ಎಂದರು. ನೋಡಿ, ಊರು ಬಿಟ್ಟು ಎಷ್ಟೋ ಕಾಲವಾದರೂ ವಿಳಾಸ ಹಲ್ಲಿನ ಮೇಲೆಯೇ ಇದೆ!

ಪಾವಗಡ ತಾಲ್ಲೂಕಿನ ಹೊಸಕೋಟೆ ಹತ್ತಿರದ ನಮ್ಮೂರಿನಲ್ಲಿ ಎಲ್ಲರ ಹಲ್ಲಿನಲ್ಲೂ ಕಂದು ಗೆರೆ. ವಯಸ್ಸಾದವರ ಬೆನ್ನು ಮರಗಟ್ಟುತ್ತಿತ್ತು. ಪಕ್ಕದಲ್ಲಿ ಕೂತವರನ್ನು ನೋಡಲು ನಮ್ಮಜ್ಜಿ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಅದು ದೇವರ ಮುನಿಸು ಎಂದು ಎಲ್ಲರೂ ನಂಬಿದ್ದೆವು.

ಮಹಾರಾಜರ ಆಳ್ವಿಕೆಯ ಕಡೆಯ ವರ್ಷಗಳು. ಪಾವಗಡದ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಎತ್ತಿನ ಗಾಡಿಯಲ್ಲಿ ಊರೂರು ತಿರುಗಿ, ಜನರ ಹಲ್ಲು ನೋಡಿ, "ಯಾವ ಬಾವಿ ನೀರು ಕುಡೀತೀರಿ?" ಎಂದು ಕೇಳುತ್ತಿದ್ದರು. ನೀರನ್ನು ಬಾಟಲಿಗೆ ತುಂಬಿಸಿಕೊಳ್ಳುತ್ತಿದ್ದರು. ನಾವು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದೆವು. ನಗುವಾಗ ಬಾಯಿಗೆ ಸೆರಗು ಅಡ್ಡ ಇರುತ್ತಿತ್ತೆನ್ನಿ.

ರುಚಿಯಾದ ನಮ್ಮ ಬಾವಿ ನೀರಿನಲ್ಲೇ ದೋಷವಿದೆ ಎಂದಾಗ ಅಪ್ಪ ಕೆಂಡವಾದ. ಅಜ್ಜಿ ಮಾತ್ರ ಆಕೆಯನ್ನು ಕೂರಿಸಿಕೊಂಡು ಮಜ್ಜಿಗೆ ಕೊಟ್ಟಳು.

"ಬೆಂಗಳೂರಿನ ದೊಡ್ಡವರು ನನ್ನ ಮಾತು ನಂಬ್ತಿಲ್ಲ ಅಜ್ಜಿ. ಮೂಳೆ ಪರೀಕ್ಷೆ ಆಗದೆ ಒಪ್ಪಲ್ಲವಂತೆ."

"ನಾನ್ ಸತ್ ಮ್ಯಾಕೆ ನನ್ದೇ ತಗಂಡೋಗು ಕಣಮ್ಮ. ಮಣ್ಣಾಗೋದು ನಿನ್ ಕೆಲ್ಸಕ್ಕಾಗ್ಲಿ ಬುಡು," ಎಂದ ಅಜ್ಜಿ, ಅಪ್ಪನಿಂದಲೂ ಮಾತು ತೆಗೆದುಕೊಂಡಳು.

ರಾಗಿ ಕೊಯ್ಲಿನ ಹೊತ್ತಿಗೆ ಅಜ್ಜಿ ಹೋದಳು. ಸುದ್ದಿ ತಿಳಿದು ಡಾಕ್ಟರಮ್ಮ ಬಂದಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತ. "ನಮ್ಮಜ್ಜೀನ ಕುಯ್ಯಕ್ ಬಂದ್ಯಾ?" ಎಂದು ನಾನೂ ಕೂಗಾಡಿದೆ. ಆಕೆ ಕೈಚೀಲವನ್ನು ಗಾಡಿಯಲ್ಲಿಟ್ಟು ಬರಿಗೈಯಲ್ಲಿ ಬಂದರು. "ಬೇಡ ಅಂದ್ರೆ ಬೇಡ. ಒಂದು ಹಿಡಿ ಮಣ್ಣು ಹಾಕೋಕೆ ಬಿಡಿ, ಸಾಕು."

ಅಪ್ಪ ಬಾಗಿಲು ಬಿಟ್ಟು ಸರಿದ. ಆಮೇಲೆ ತಾನೇ ಗಾಡಿಗೆ ಹೋಗಿ ಚೀಲ ತಂದ. "ಅವ್ವುಂಗೆ ಮಾತ್ ಕೊಟ್ಟಿವ್ನಿ. ಒಳೀಕ್ ಬಾ ತಾಯಿ."

ಒಂದು ತುಂಡು ಪಕ್ಕೆಲುಬು ತೆಗೆದು, ಹೊಲಿಗೆ ಹಾಕಿ, ಅಜ್ಜಿಯ ಸೀರೆಯನ್ನು ಮೊದಲಿದ್ದಂತೆಯೇ ಉಡಿಸಿ ಆಕೆ ಹೊರಬಂದರು. ಕಣ್ಣು ಕೆಂಪಗಿದ್ದವು.

ತಿಂಗಳುಗಳ ಮೇಲೆ ಬೆಂಗಳೂರಿನಿಂದ ಉತ್ತರ ಬಂತು. ಮೂಳೆ ಕಲ್ಲಿನಂತಾಗಿತ್ತು, ಕಾರಣ ಬಾವಿ ನೀರಿನಲ್ಲಿ ಕರಗಿದ್ದ ಫ್ಲೋರೈಡು. ಅಪ್ಪ ಅದೇ ದಿನ ಬಾವಿಯ ರಾಟೆ ಬಿಚ್ಚಿದ. ಅಂದಿನಿಂದ ಒಂದು ಮೈಲಿ ದೂರದ ಕೆರೆಯಿಂದ ನೀರು ಹೊರುವುದು ನನ್ನ ಪಾಲಿಗೆ ಬಂತು. ಹೆಜ್ಜೆಹೆಜ್ಜೆಗೂ ಡಾಕ್ಟರಮ್ಮನಿಗೆ ಶಾಪ ಹಾಕಿದೆ. ವರ್ಗವಾಗಿ ಹೊರಟಾಗ ಆಕೆ ಹೇಳಿಹೋಗಲು ಬಂದರೆ, ನಾನು ಅಡುಗೆಮನೆಯಿಂದ ಈಚೆಗೇ ಬರಲಿಲ್ಲ. ಆಮೇಲೆ ಹುಟ್ಟಿದ ತಂಗಿಯ ಹಲ್ಲು ಮಲ್ಲಿಗೆ ಮೊಗ್ಗು, ಬೆನ್ನು ಇಂದಿಗೂ ನೆಟ್ಟಗಿದೆ.

ಇದನ್ನೆಲ್ಲ ಕೇಳಿದ ಮೊಮ್ಮಗಳು, "ಆ ಡಾಕ್ಟರ್ ಹೆಸರೇನಜ್ಜಿ?" ಎಂದಳು. ನನಗೆ ಗೊತ್ತಿರಲಿಲ್ಲ. ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಗಿ ಇವತ್ತು ಬೆಳಿಗ್ಗೆ ತಂಗಿಗೆ ಫೋನು ಮಾಡಿದೆ.

"ಅಪ್ಪ ನಿಂಗೇಳಿರ್ಲಿಲ್ವಾ? ಅವ್ರ ಹೆಸ್ರೇ ನಂಗಿಟ್ಟಿದ್ದು ಕಣಕ್ಕ," ಎಂದಳು.

ಮಾತೆಲ್ಲ ಮುಗಿದಿತ್ತು. ಆದರೂ ಫೋನು ಇಡುವ ಮುಂಚೆ ಇನ್ನೊಂದು ಸಲ ಕರೆದೆ. "ಸುಭದ್ರಾ..."