ಹೋದವನು ಯಾವ ಕೊಟ್ರೇಶ ಎಂದು ಕೇಳುವವರಿಗೆ

ಬರೆಯುವುದು ನನ್ನ ಕೆಲಸವಲ್ಲ.
ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ, ಮೆಕ್ಕೆಜೋಳದ ಚೀಲ ಹೊರಲು ಹೋದವನು ನಾನು.
"ನೀವೇ ಅವನ ಹಳೇ ದೋಸ್ತ್, ನೀವೇ ಬರೀರಿ" ಎಂದು ಬೆಳಗಿನಿಂದ ತಲೆ ತಿಂದಿದ್ದೀರಿ.
ಓದಿದವರು ಸುಮ್ಮನೆ ಕೂತಿದ್ದೀರಿ... ಕಣ್ಣು ಮಂಜಾದ ನಾನು ಮೊಬೈಲ್ ಕುಟ್ಟುತ್ತಿದ್ದೇನೆ.
ತಪ್ಪಿದ್ದರೆ ನುಂಗಿಕೊಳ್ಳಿ. ತಿದ್ದಲು ಬರಬೇಡಿ.

ಕೊಟ್ರೇಶ ಹೋದ...
ಇನ್ನೂ ನಂಬಿಕೆ ಬರುತ್ತಿಲ್ಲ...
ನಿನ್ನೆ ಸಂಜೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಿಂತು ಮಿರ್ಚಿ ತಿಂದವನು...
ಬೆಳಿಗ್ಗೆ ಏಳಲೇ ಇಲ್ಲವಂತೆ.

ಗ್ರೂಪಿನಲ್ಲಿ "ಕೊಟ್ರೇಶಣ್ಣ ಇನ್ನಿಲ್ಲ" ಎಂದಷ್ಟೇ ಹಾಕಿದ ಪುಣ್ಯಾತ್ಮ ಯಾರು?
ಬುದ್ಧಿ ಬೇಡವೇ?
ಈ ಬಳಗದಲ್ಲಿ ಇರುವವರೆಲ್ಲ ಕೊಟ್ರೇಶರೇ! ಬೇರೆ ಹೆಸರಿನವರನ್ನು ಸೇರಿಸಿಕೊಂಡೇ ಇಲ್ಲ.
ಕೂಡ್ಲಿಗಿಯಿಂದ ಹಡಗಲಿವರೆಗೆ ಮನೆಮನೆಯಲ್ಲೂ ಫೋನುಗಳು ಹೊಡೆದುಕೊಂಡಿವೆ.
ಕೊಟ್ಟೂರಿನಿಂದ ನನ್ನ ತಂಗಿ ಅಳುತ್ತಾ ಫೋನ್ ಮಾಡಿದಳು.
"ಅಣ್ಣಾ, ಅದೀಯೇನು?"
"ಅದೀನಿ ಬಿಡವ್ವ. ಇಲ್ಲಾಂದ್ರ ಫೋನ್ ಎತ್ತಿದ್ದು ಯಾರು?"
ಅವಳಿಗೆ ಬೈದು ಇಟ್ಟ ಮೇಲೆ ಗೊತ್ತಾಯಿತು...
ಹೋದವನು ಡ್ರೈವರ್ ಕೊಟ್ರೇಶ. ಹಲವಾಗಲು ಊರಿಗೆ ಹೋಗುವ ಬಸ್ಸಿನವನು.
ಈ ಬಳಗ ಕಟ್ಟಿದವನೇ.

ಹೊಸದಾಗಿ ಸೇರಿದ ಹುಡುಗರು ಕೇಳಿ.
ಅವನೂ ನಾನೂ ಒಂದೇ ಕ್ಲಾಸು. ಮೇಷ್ಟ್ರು ಹಾಜರಿಯಲ್ಲಿ "ಕೊಟ್ರೇಶ" ಎಂದರೆ ಅರ್ಧ ಸಾಲು ಎದ್ದು ನಿಲ್ಲುತ್ತಿತ್ತು.
ನಮ್ಮ ಕಡೆ ಮಕ್ಕಳಾಗದವರು ಕೊಟ್ಟೂರಿಗೆ ನಡೆದು ಹರಕೆ ಹೊರುತ್ತಾರೆ. ಹುಟ್ಟಿದ ಮಗುವಿಗೆ ಅಲ್ಲಿನ ಸ್ವಾಮಿಯ ಹೆಸರೇ, ಕೊಟ್ರೇಶ.
ಗೌಡರ ಮನೆಯಲ್ಲೂ ಅದೇ, ಕುರುಬರ ಮನೆಯಲ್ಲೂ ಅದೇ, ಕೇರಿಯಲ್ಲೂ ಅದೇ.
ಇವನ ಅಜ್ಜಿ ಕೇರಿಯಿಂದ ಬರಿಗಾಲಲ್ಲಿ ನಡೆದವಳು.
ಮುಂದೆ ಇವನ ಮನೆಯವರು ಬುದ್ಧನ ದಾರಿ ಹಿಡಿದರು. ಹೆಸರು ಬದಲಿಸು ಎಂದು ಯಾರೋ ಹೇಳಿದ್ದಕ್ಕೆ ನಕ್ಕುಬಿಟ್ಟಿದ್ದ.
"ನಮ್ಮಜ್ಜಿ ಕಾಲಿಗೆ ಬೊಬ್ಬಿ ಬರಿಸ್ಕೊಂಡು ತಂದ ಹೆಸರು ಐತ್ರಿ. ಹೆಂಗ ಬಿಡ್ಲಿ?"

ಒಮ್ಮೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಇವನನ್ನು ಹುಡುಕುತ್ತಾ "ಲೇ ಕೊಟ್ರೇಶಾ!" ಎಂದು ಕೂಗಿದೆ.
ಅಯ್ಯಪ್ಪಾ...
ಹೂವು ಕಟ್ಟುವವನು ತಿರುಗಿದ.
ಕಟಿಂಗ್ ಶಾಪಿನಿಂದ ಅರ್ಧ ಗಡ್ಡ ಬೋಳಿಸಿಕೊಂಡವನು ಇಣುಕಿದ.
ಪೊಲೀಸಿನವನು ತಿರುಗಿದ.
ಕೋಲು ಊರಿಕೊಂಡ ಮುದುಕ "ಯಾರಪಾ ಕರದೋರು?" ಎಂದ.
ತಾಯಿಯ ಸೊಂಟದ ಮೇಲಿನ ಕೂಸೂ ತಿರುಗಿತು...
ಡ್ರೈವರ್ ಸೀಟಿನಿಂದ ಇವನು ಇಳಿದು ಬಂದು, ಬಾಯಿ ಬಿಟ್ಟುಕೊಂಡು ಆ ಮುಖಗಳನ್ನೆಲ್ಲ ನೋಡುತ್ತಾ ನಿಂತ.
"ನೋಡಲೇ... ಒಬ್ಬನ್ನ ಕರದ್ರ ಊರಿಗೂರೇ ಓ ಅಂತತಿ. ಇಷ್ಟು ಮಂದಿ ಇದ್ದೂ ನಾವು ಒಂಟಿ ಅನ್ಕೊಂಡೀವಿ."
ಆವತ್ತೇ ಒಬ್ಬೊಬ್ಬರ ನಂಬರ್ ಕೇಳಲು ಶುರುಮಾಡಿದ. ಬಳಗ ಹುಟ್ಟಿದ್ದು ಹೀಗೆ.

ನನ್ನ ಹೆಂಡತಿಯ ಆಪರೇಷನ್ ಆದಾಗ ರಕ್ತ ಬೇಕೆಂದರು.
ಇವನು ಗ್ರೂಪಿನಲ್ಲಿ ಒಂದು ಮಾತು ಹಾಕಿದ. ಅಷ್ಟೇ.
ಹಗರಿಬೊಮ್ಮನಹಳ್ಳಿಯಿಂದ, ಕೂಡ್ಲಿಗಿಯಿಂದ ಮುಖವೇ ಕಂಡಿರದವರು ದಾವಣಗೆರೆಯ ಆಸ್ಪತ್ರೆಗೆ ಬಂದು ಸಾಲಾಗಿ ನಿಂತರು.
ನರ್ಸಮ್ಮ ಕೇಳಿದಳು, "ಹೆಸರು?"
"ಕೊಟ್ರೇಶ."
"ನಿಮ್ದು?"
"ಕೊಟ್ರೇಶ."
"ನಿಮ್ದು?"
"ನಂದೂ ಅದೇ ರೀ."
"ತಮಾಷಿ ಮಾಡಾಕ ಬಂದೀರೇನ್ರಿ? ಖರೇ ಹೆಸರು ಹೇಳ್ರಿ!"
ಆಧಾರ್ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟಾಗ ಆಕೆ ಪೆನ್ನು ಕೆಳಗಿಟ್ಟು ಎದ್ದು ನಿಂತಳು. ಕೈ ಮುಗಿದಳು.
ನನ್ನ ಹೆಂಡತಿ ಇವತ್ತು ಓಡಾಡುವುದು ಆ ರಕ್ತದ ಮೇಲೆ. ಯಾವ ಬೀದಿಯ ಕೊಟ್ರೇಶನದು ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಲೇ ಡ್ರೈವರಾ...
ಕೇಳಸ್ತತೇನಲೇ?
ಎಲ್ಲರ ಮನೆಯ ಮದುವೆಗೆ ಹೋದೆ. ಎಲ್ಲರ ಮನೆಯ ಮಣ್ಣಿಗೂ ಹೋದೆ... ಡ್ಯೂಟಿ ಬದಲಿ ಮಾಡಿಕೊಂಡು ಹೋದೆ.
ನಿನ್ನ ಹೊಸ ಮನೆಯ ಊಟಕ್ಕೆ ಬಳಗವನ್ನೆಲ್ಲ ಕರೆದೆ.
ಒಬ್ಬನಿಗೆ ಆವತ್ತೇ ಉಪವಾಸ. ಒಬ್ಬನಿಗೆ ಹೊಟ್ಟೆನೋವು. ಒಬ್ಬನಿಗೆ ಅರ್ಜೆಂಟ್ ಕೆಲಸ...
ನಾನೂ ನನ್ನ ಹೆಂಡತಿಯೂ ಉಂಡೆವು. ನೀನು ನಮ್ಮ ಪಕ್ಕವೇ ಕೂತಿದ್ದೆ, ಆದರೆ ನಿನ್ನ ಕಣ್ಣು ಬಾಗಿಲ ಮೇಲಿತ್ತು.
ನಾನು ಸಿಟ್ಟಿಗೆದ್ದರೆ ನೀನು ನಕ್ಕೆ.
"ಇರ್ಲಿ ಬಿಡಲೇ... ಇನ್ನೊಮ್ಮೆ ಬರ್ತಾರ."
ಆ ಇನ್ನೊಮ್ಮೆ ಬಂತಲ್ಲೋ...
ನೀನೇ ಇಲ್ಲ...

ಈಗ ಅವನ ಮನೆಯಿಂದಲೇ ಬಂದೆ.
ಅವನ ಹೆಂಡತಿ ದುರುಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಅಳು ನಿಲ್ಲಿಸಿ ಕೇಳಿದಳು.
"ಅಣ್ಣಾ, ಕೊಟ್ರೇಶ್ರನ್ನೆಲ್ಲ ನಮ್ಮ ಅಂಗಳದಾಗ ಒಂದ ಸಾಲಿಗೆ ಕುಂದ್ರಿಸಿ ಉಣ್ಣಾಕ ನೀಡಬೇಕು ಅಂತಿದ್ರು. ಬರೋ ಭಾನುವಾರ ಮಾಡ್ತೀನಿ. ಎಷ್ಟು ಮಂದಿಗೆ ಅಕ್ಕಿ ಹಾಕ್ಲಿ?"
ಎಲ್ಲರ ಮೇಲೂ ಬಾಯಿ ಮಾಡುವವನು ನಾನು. ಆಕೆಗೆ "ಕೇಳಿ ಹೇಳ್ತೀನಿ ತಡೀವ್ವ" ಎಂದಷ್ಟೇ ಅಂದು ಎದ್ದು ಬಂದೆ.
ಯಾರ ಹೆಸರು ಹೇಳಲಿ? ಎಲ್ಲರದೂ ಒಂದೇ ಹೆಸರು. ಬರುವವರು ಯಾರು, ಬಾರದವರು ಯಾರು... ಅದೊಂದು ಗೊತ್ತಿಲ್ಲ.

ಮಣ್ಣು ಇವತ್ತು ಸಂಜೆ. ಅದಕ್ಕೆ ಬರುತ್ತೀರಿ, ಗೊತ್ತು. ಮಣ್ಣು ಹಾಕಲು ಯಾರಿಗೂ ಮೈಲಿಗೆಯಿಲ್ಲ.
ನಾನು ಕೇಳುತ್ತಿರುವುದು ಅನ್ನದ ಮಾತು.
ರಕ್ತ ಕೊಡುವಾಗ ಕೇರಿ ಯಾವುದೆಂದು ಒಬ್ಬನೂ ಕೇಳಲಿಲ್ಲ. ಅನ್ನ ಉಣ್ಣುವಾಗ ಕೇಳುತ್ತೀರಾ?

ಹೋಗಿ ಬಾ ಡ್ರೈವರಾ...
ದಾರಿ ಸಲೀಸಾಗಿರಲಿ. ಜೀವ ತಣ್ಣಗಿರಲಿ.
ಅಲ್ಲಿ ಯಾರಾದರೂ "ಕೊಟ್ರೇಶಾ" ಎಂದು ಕೂಗಿದರೆ ಮೊದಲು ನೀನೇ ತಿರುಗು...

ಉಳಿದ ಕೊಟ್ರೇಶರು ಕೇಳಿ.
ಕೈ ಮುಗಿದ ಚಿತ್ರ ಬೇಡ. ಅಳುವ ಮುಖ ಬೇಡ.
ಯಾವ ಊರಿನ ಕೊಟ್ರೇಶ, ಭಾನುವಾರ ಅವನ ಮನೆಯಲ್ಲಿ ಕೂತು ಉಣ್ಣುತ್ತೀರೋ ಇಲ್ಲವೋ, ಅಷ್ಟು ಬರೆಯಿರಿ.
ದುರುಗಮ್ಮ ಅಕ್ಕಿ ಅಳೆಯಬೇಕು.
ಶುಕ್ರವಾರ ಸಂಜೆಯೊಳಗೆ ಉತ್ತರ ಬರಬೇಕು.